ಚಿಮನ್ ಕೇಳಿದ ಹುಳಿದಂಟು

ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಕಲ್ಲಾಗುತ್ತದೆ. ಬಿಸಿಲೇರುವ ಮುನ್ನ ಅದರ ಮೇಲೆ ನಡೆದು ಗಡಿ ದಾಟಬಹುದು. ಆದರೆ ತಿಳಿ ರಾತ್ರಿಯಲ್ಲಿ ಕಾವಲುಗೋಪುರದ ಬಂದೂಕಿಗೂ ನಾವು ಕಾಣುತ್ತೇವೆ. ಹಾಗಾಗಿ ಬೆನ್ನ ಮೇಲೆ ಟೈರು, ಟಿವಿ ಹೊತ್ತು ಕದ್ದು ಗಡಿ ದಾಟಿಸಿ ಬದುಕುವ ನಾವು ಕುರ್ದರು ಮೋಡದ ರಾತ್ರಿಗೇ ಕಾಯುತ್ತೇವೆ. ನಮ್ಮೂರಿಗೆ ಒಂದು ಕೆಲಸ ಕೊಡಲಾರದ ಸರ್ಕಾರ ಗುಂಡನ್ನು ಮಾತ್ರ ತಪ್ಪದೆ ಕಳಿಸುತ್ತದೆ. ಆ ಗುಂಡಿನಿಂದ ಉಳಿಸುವ ಮೋಡವೇ ಕಾಲ ಕೆಳಗಿನ ಹಿಮವನ್ನು ಸಡಿಲ ಮಾಡುತ್ತದೆ.

ಆ ವಸಂತದ ಬೆಳಗ್ಗೆ ಇಳಿಜಾರಿನ ಅಂಚಿನಲ್ಲಿ ನಾವು ಮೂವರು ನಿಂತಿದ್ದೆವು: ಊರಿಗೆಲ್ಲ ಚಿಕ್ಕಪ್ಪನಾದ ಮಾಮ್ ತೌಫೀಕ್, ಅವರ ಅಳಿಯ ಹೇಮಿನ್, ನಾನು. ಮಾಮ್ ಮುಷ್ಟಿ ಬಿಗಿದು ಹಿಮಕ್ಕೆ ಒತ್ತಿದರು. ಕೈ ಮೊಣಕೈವರೆಗೂ ಇಳಿಯಿತು. ಹೊರತೆಗೆದಾಗ ತೋಳಿನಿಂದ ನೀರು ಸೋರುತ್ತಿತ್ತು.

"ರಾತ್ರಿಯಿಡೀ ನಿದ್ದೆ ಮಾಡಿಲ್ಲ ಇದು," ಎಂದರು.

"ಕೆಳಗೆ ಗಟ್ಟಿ ಇರ್ಬೋದು ಮಾವ. ಈ ಬೆಳಕಲ್ಲಿ ಹಿಂದಕ್ಕೆ ಹೋದ್ರೆ ಗೋಪುರದೋರು ಬಿಡ್ತಾರಾ? ನಾನು ಮೊದ್ಲು ಹೋಗ್ತೀನಿ," ಎಂದ ಹೇಮಿನ್.

ಅದು ನಮ್ಮ ಕಟ್ಟಳೆ. ಹಿಮ ಜಾರಬಹುದಾದ ಇಂಥಲ್ಲಿ ಒಬ್ಬೊಬ್ಬರೇ ದಾಟಬೇಕು, ಮಕ್ಕಳಿಲ್ಲದವನು ಮೊದಲು. ನನಗೆ ಇಬ್ಬರು ಹೆಣ್ಣುಮಕ್ಕಳು. ಹೇಮಿನ್‌ಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಹೊರೆಯ ಹಗ್ಗ ಬಿಗಿಯಲು ಅವನು ಬಗ್ಗಿದಾಗ ಸೊಂಟದ ಪಟ್ಟಿಯಿಂದ ಕೆಂಪು ರೇವಾಸ್ ದಂಟುಗಳು ಇಣುಕಿದವು. ಹಿಮ ಕರಗಿದ ಅಂಚಿನಲ್ಲಿ ತಾನೇ ಬೆಳೆಯುವ, ಹಲ್ಲು ಜುಮ್ಮೆನ್ನಿಸುವ ಹುಳಿ.

"ಏನೋ ಇದು? ಮೊಸರು ಹುಳಿಯಾದ್ರೆ ಮುಖ ಕಿವುಚೋನು ನೀನು."

"ಚಿಮನ್ ಕೇಳಿದ್ಲು, ಮಾವ."

"ಅವ್ಳೂ ಮುಟ್ಟಲ್ಲ. ನನ್ನ ಮಗಳು ಕಣೋ, ನಂಗೊತ್ತಿಲ್ವಾ?"

ಹೇಮಿನ್‌ನ ಕಿವಿ ಕೆಂಪಾಯಿತು. "ಈಗ ಮುಟ್ತಾಳೆ... ಚಹಾ ವಾಸ್ನೆ ಬಂದ್ರೆ ಎದ್ದು ಓಡ್ತಾಳೆ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಾಳೆ."

ಮಾಮ್ ಅವನನ್ನೇ ನೋಡಿದರು. "ಆಣೆ ಉಳಿಸ್ಕೊಳ್ಳೋಕೆ ಸಾಯೋಕೆ ಹೊರಟಿದ್ಯೇನೋ, ಕತ್ತೆ?"

"ಹಾಗಾದ್ರೆ ನಾನೇ..." ಎಂದು ಬಾಯಿ ತೆರೆದೆ.

"ನೀನು ಸುಮ್ನಿರು. ಯಾರೂ ಹೋಗಲ್ಲ. ಕತ್ತಲಾಗೋವರ್ಗೂ ಬಂಡೆ ಕೆಳ್ಗೆ ಕೂರೋಣ, ಆಮೇಲೆ ಮನೆಗೆ."

ಮಧ್ಯಾಹ್ನ ಮೋಡ ಹರಿದು ಬಿಸಿಲು ಬಿತ್ತು. ಸ್ವಲ್ಪ ಹೊತ್ತಿಗೆ ಇಡೀ ಇಳಿಜಾರು ಗುಡುಗುತ್ತಾ ಜಾರಿ ಕಣಿವೆಗೆ ಬಿತ್ತು.

ಸದ್ದಡಗಿದ ಮೇಲೆ ಮಾಮ್ ತಮ್ಮ ರುಮಾಲು ಬಿಚ್ಚಿದರು. ಅದರಲ್ಲಿ ಒಂದು ಹಿಡಿ ಹಿಮ ಹಾಕಿ, ಹೇಮಿನ್‌ನ ಸೊಂಟದಿಂದ ದಂಟುಗಳನ್ನು ಎಳೆದು ಮೆಲ್ಲಗೆ ಸುತ್ತಿದರು.

"ಬಾಡಿದ್ರೆ ತಿನ್ನಲ್ಲ ಅವ್ಳು," ಎಂದರು.