ತೋಳು ಹಿಡಿಯುವ ಕೆಲಸ

ನಾನು ರಕ್ತದೊತ್ತಡ ನೋಡುವ ಯಂತ್ರ. ಜನರ ಬಾಯಲ್ಲಿ ಬಿ.ಪಿ. ಪೆಟ್ಟಿಗೆ. ಈಗಿನ ಪೀಂ ಪೀಂ ಎನ್ನುವ ಪ್ಲಾಸ್ಟಿಕ್ ಡಬ್ಬಿಯಲ್ಲ ಮತ್ತೆ. ಗಾಜಿನ ಕೊಳವೆಯಲ್ಲಿ ಪಾದರಸ ಏರಿಳಿಯುವ ಹಳೆಯ ಗಟ್ಟಿ ಕುಳ. ಕಾರ್ಖಾನೆಯಲ್ಲಿ ನನಗೆ ಪಾದರಸ ತುಂಬಿ, ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ ಹೊಲಿದು, ಗಾಳಿ ಊದಲು ರಬ್ಬರ್ ಉಂಡೆ ಸಿಕ್ಕಿಸಿದರು. ಅಂದಿನಿಂದ ನನಗೆ ಗೊತ್ತಿರುವುದು ಒಂದೇ ಕೆಲಸ. ತೋಳು ಹಿಡಿಯುವುದು, ಸ್ವಲ್ಪ ಬಿಗಿಯುವುದು, ಬಿಡುವುದು.

ನನ್ನನ್ನು ಕಳಿಸಿದ್ದು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಆಸ್ಪತ್ರೆಗೆ. ಮೊದಲು ಒಬ್ಬ ಡಾಕ್ಟರು ನನ್ನ ಮುಚ್ಚಳದ ಮೇಲೆ ಚಹಾ ಲೋಟ ಇಡುತ್ತಿದ್ದರು. ಆಮೇಲೆ ಬಂದ ನರ್ಸಮ್ಮ ಬಾಗಿಲು ಬಡಿಯದಂತೆ ನನ್ನನ್ನು ಅದಕ್ಕೆ ಅಡ್ಡ ಇಡುತ್ತಿದ್ದರು. ಕೊನೆಗೆ ಹುಣಸೂರಿನ ಜಯಶೀಲಾ ಸಿಸ್ಟರ್ ಬಂದರು. "ಇದೇನು ಚಹಾ ಇಡೋ ಮೇಜಾ? ಇನ್ಮೇಲೆ ಯಾರೂ ಮುಟ್ಟಂಗಿಲ್ಲ!" ಎಂದು ನನ್ನನ್ನು ಒರೆಸಿ ತಮ್ಮ ಬಳಿ ಇಟ್ಟುಕೊಂಡರು. ಅಬ್ಬಾ, ಎಷ್ಟು ಹಿತವಾಯಿತು!

ಆ ಕಡೆ ಕೋವಿಯೆಂದರೆ ಮನೆಯವರಲ್ಲಿ ಒಬ್ಬರಿದ್ದ ಹಾಗೆ. ಗಂಡು ಮಗು ಹುಟ್ಟಿದರೂ ಗುಂಡು ಹಾರಿಸುತ್ತಾರೆ, ಹಿರಿಯರು ತೀರಿಕೊಂಡರೂ ಹಾರಿಸುತ್ತಾರೆ. ಕೈಲು ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ. ಹಾಗಾಗಿ ನಮ್ಮ ಆಸ್ಪತ್ರೆಯವರು ಶುಗರ್ ಇದೆಯಾ, ಬೀಡಿ ಸೇದುತ್ತೀರಾ ಎಂದೆಲ್ಲ ಕೇಳುತ್ತಿದ್ದರೇ ಹೊರತು ಕೋವಿಯ ಸುದ್ದಿ ಎತ್ತುತ್ತಿರಲಿಲ್ಲ. ಮನೆತನದ ಮರ್ಯಾದೆಗೆ ಕೈ ಹಾಕಿದಂತಾದೀತು ಎಂಬ ಅಳುಕು.

ಒಂದು ವರ್ಷ ಭತ್ತ ತೆನೆಯಾಗಿದ್ದಾಗ ಪೆಮ್ಮಯ್ಯ, ನಾಚಪ್ಪ ಎಂಬ ಇಬ್ಬರು ಗೆಳೆಯರು ಗದ್ದೆಯಲ್ಲಿ ಹಂದಿ ಕಾಯುತ್ತಿದ್ದರು. ಮುಸ್ಸಂಜೆಯಲ್ಲಿ ಪೊದೆ ಅಲುಗಿತು. ಹಂದಿಯೇ ಎಂದುಕೊಂಡು ಪೆಮ್ಮಯ್ಯ ಗುಂಡು ಹಾರಿಸಿಬಿಟ್ಟ. ಪೊದೆಯ ಹಿಂದೆ ಇದ್ದವನು ನಾಚಪ್ಪ.

ಜೀಪಿನಲ್ಲಿ ಹಾಕಿಕೊಂಡು ಬಂದಾಗ ನಾಚಪ್ಪನ ಎಡಗೈ ಮೊಣಕೈಯ ಕೆಳಗೆ ಚಿಂದಿಯಾಗಿತ್ತು. ಎಷ್ಟು ಬಟ್ಟೆ ಒತ್ತಿದರೂ ರಕ್ತ ನಿಲ್ಲದು. ಸಿಂಧನೂರಿನ ಡಾಕ್ಟರ್ ಶರಣಪ್ಪನವರು ನನ್ನತ್ತ ಕೈ ತೋರಿಸಿದರು. "ಸಿಸ್ಟರ್, ಬಿ.ಪಿ. ಪಟ್ಟಿ ತರ್ರಿ, ಲಗೂನ! ಗಾಯದ ಮ್ಯಾಲಿನ ತೋಳಿಗೆ ಸುತ್ತಿ ಬಿಗೀರಿ. ಬಿಡಬ್ಯಾಡ್ರಿ!"

ಬಿಡುವುದೇ ಬೇಡವಾ? ನನಗೋ ಗಾಬರಿ. ಸುತ್ತಿದರು, ಊದಿದರು, ರಕ್ತ ನಿಂತಿತು. ಮೈಸೂರಿನವರೆಗೂ ಆಂಬುಲೆನ್ಸಿನಲ್ಲಿ ಆ ತೋಳನ್ನು ಹಿಡಿದುಕೊಂಡೇ ಹೋದೆ. ಗಾಳಿ ಇಳಿದಾಗಲೆಲ್ಲ ಸಿಸ್ಟರ್ ಉಂಡೆ ಹಿಚುಕುತ್ತಿದ್ದರು. ಅವರ ಬೆರಳುಗಳು ಸೆಟೆದುಹೋಗಿದ್ದವು. ದೊಡ್ಡಾಸ್ಪತ್ರೆಯವರು ಜೀವವನ್ನೂ ಉಳಿಸಿದರು, ಕೈಯನ್ನೂ ಉಳಿಸಿದರು. ಎರಡು ಬೆರಳು ಮಡಚಲು ಬರುವುದಿಲ್ಲ, ಅಷ್ಟೇ. ನಾನು ಬೀಗಿದ್ದೇ ಬೀಗಿದ್ದು.

ಎಲ್ಲರೂ ಸಮಾಧಾನಪಟ್ಟರು, ಶರಣಪ್ಪನವರೊಬ್ಬರನ್ನು ಬಿಟ್ಟು. "ಗುಂಡು ತಿಂದಾಂವ ಬದುಕಿದ. ಹೊಡದಾಂವ ಹೆಂಗದಾನಂತ ಯಾರರ ನೋಡೀರೇನು?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಮರುದಿನವೇ ಸಿಸ್ಟರ್ ನನ್ನನ್ನು ಎತ್ತಿಕೊಂಡು, ಬಿ.ಪಿ. ನೋಡುವ ನೆಪದಲ್ಲಿ ಪೆಮ್ಮಯ್ಯನ ಮನೆಗೆ ಹೊರಟರು.

ಪೆಮ್ಮಯ್ಯ ಜಗಲಿಯಲ್ಲಿ ಕುಳಿತಿದ್ದ. ಊಟ, ನಿದ್ದೆ ಬಿಟ್ಟಿದ್ದಾನೆ ಎಂದು ಅವನ ತಾಯಿ ಬೊಳ್ಳವ್ವ ಹೇಳಿದರು. ನಾನು ಅವನ ತೋಳು ಹಿಡಿದೆ. ಪಾದರಸ ಏರಿತು, ಇಳಿಯಿತು. ನನ್ನ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು. ಪೆಟ್ಟಿಗೆ ಮುಚ್ಚಿ ಹೊರಡಬಹುದಿತ್ತು.

ಸಿಸ್ಟರ್ ಮುಚ್ಚಲಿಲ್ಲ. "ಪೆಮ್ಮಯ್ಯನೋರೇ, ಸತ್ತೋಗ್ಬಿಡೋಣ ಅಂತ ಅನ್ನಿಸ್ತಿದ್ಯಾ?" ಎಂದು ನೇರವಾಗಿ ಕೇಳಿದರು.

"ಎಂತ ಮಾತು ಆಡ್ತೀರಿ ನೀವು!" ಬೊಳ್ಳವ್ವ ಎದ್ದು ನಿಂತರು.

ಪೆಮ್ಮಯ್ಯ ಮಾತ್ರ ತಲೆ ಎತ್ತಿ, "ಹೌದು ಸಿಸ್ಟರ್. ಅದೊಂದೇ ಅನ್ನಿಸ್ತದೆ" ಎಂದ. ಹೇಳಿದವನೇ ಹೋ ಎಂದು ಅತ್ತುಬಿಟ್ಟ. ಅಳು ಇಳಿಯುವವರೆಗೆ ಸಿಸ್ಟರ್ ಅವನ ಪಕ್ಕದಲ್ಲೇ ಕುಳಿತರು. ಆಮೇಲೆ ಮೆಲ್ಲಗೆ, "ಮನೇಲಿ ಕೋವಿ ಎಲ್ಲಿದೆ?" ಎಂದರು.

ಗುಂಡು ಹಾರಿದ ಕೋವಿಯನ್ನು ಪೊಲೀಸರು ಒಯ್ದಿದ್ದರು. ಆದರೆ ಅಜ್ಜನದೊಂದು ಕೋವಿ ಅವನ ಕೋಣೆಯಲ್ಲೇ ಇತ್ತು. "ಸ್ವಲ್ಪ ದಿನ ಬೇರೆಯವ್ರ ಮನೇಲಿ ಇಡೋಣ್ವಾ?" ಎಂದು ಸಿಸ್ಟರ್ ಹೇಳಿದ್ದೇ ತಡ, ಪೆಮ್ಮಯ್ಯ ನನ್ನ ಪಟ್ಟಿಯಿಂದ ಕೈ ಕೊಸರಿಕೊಂಡ. "ಅಜ್ಜನ ಕೋವಿ ಇನ್ನೊಬ್ಬರ ಮನೆಗಾ? ಆಗ್ಲಿಕ್ಕಿಲ್ಲ." ನನ್ನ ಎದೆ ಧಸಕ್ಕೆಂದಿತು. ಎದೆ ಇಲ್ಲದಿದ್ದರೂ ಎಂದಿತು!

ಆಗ ಬೊಳ್ಳವ್ವ ಒಳಗೆ ಹೋಗಿ ಕೋವಿ ಹಿಡಿದುಕೊಂಡು ಬಂದರು. ಅವರಲ್ಲೊಂದು ಪದ್ಧತಿಯಿದೆ: ನಾಟಿ ಮುಗಿದ ಮೇಲೆ ಕೋವಿಗಳನ್ನು ಹಿರಿಯರನ್ನು ನೆನೆಯುವ ಕನ್ನಿ ಕೊಂಬರೆ ಎಂಬ ಕೋಣೆಯಲ್ಲಿ ಇಡುತ್ತಾರೆ. ಕೈಲು ಮುಹೂರ್ತದ ದಿನದವರೆಗೆ ಯಾರೂ ಮುಟ್ಟುವಂತಿಲ್ಲ.

"ಕೋವಿ ಕೊಂಬರೆಗೆ ಹೋಗ್ತದೆ" ಎಂದರು ಬೊಳ್ಳವ್ವ.

"ಅವ್ವ, ಹಬ್ಬ ಕಳೆದು ಎಷ್ಟು ದಿನ ಆಯ್ತು! ಕೊಯ್ಲಿನ ಕಾಲದಲ್ಲಿ ಯಾರಾದ್ರೂ ಇಡ್ತಾರಾ?"

"ಮುಂದಿನ ಹಬ್ಬಕ್ಕೆ ಇಡೋದು. ಬೇಗ ಇಟ್ಟರೆ ಹಿರಿಯರು ಬೇಡ ಅಂತಾರಾ? ನೀನು ಅವರಿಗಿಂತ ದೊಡ್ಡವನಾ?"

ಪೆಮ್ಮಯ್ಯ ಎದ್ದು ಕೊಂಬರೆಯ ಬಾಗಿಲು ತೆಗೆದುಕೊಟ್ಟ. ಬೊಳ್ಳವ್ವ ಕೋವಿಯನ್ನು ಒಳಗಿಟ್ಟು, ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವನ ಕೋಣೆಯಲ್ಲಿದ್ದ ಗುಂಡಿನ ತೋಟಾಗಳನ್ನೆಲ್ಲ ಪಕ್ಕದ ಮನೆಗೆ ಕಳಿಸಿದರು. ಶರಣಪ್ಪನವರು ಅವನನ್ನು ಮನೋವೈದ್ಯರಿಗೆ ತೋರಿಸಿದರು. ಮಾತ್ರೆ ಗುಣ ತೋರುವವರೆಗೆ ಸಿಸ್ಟರ್ ಮತ್ತೆ ಮತ್ತೆ ಹೋಗಿ ಬಂದರು. ಪಟ್ಟಿ ಕಟ್ಟಿದ ಕೈಯಲ್ಲೇ ನಾಚಪ್ಪನೂ ಬಂದು ಜಗಲಿಯಲ್ಲಿ ಕೂರತೊಡಗಿದ. ಇಬ್ಬರೂ ಜೊತೆಗೆ ಕಾಫಿ ಕುಡಿಯುತ್ತಿದ್ದರು. ಮುಂದಿನ ಹಬ್ಬಕ್ಕೆ ಬೊಳ್ಳವ್ವ ಬೀಗ ತೆಗೆದಾಗ ಕೋವಿಗೆ ಹೂವಿಟ್ಟವನು ಪೆಮ್ಮಯ್ಯನೇ.

ಈಗ ಪಾದರಸ ಒಳ್ಳೆಯದಲ್ಲವೆಂದು ನನ್ನನ್ನು ಕಪಾಟಿಗೆ ಸೇರಿಸಿದ್ದಾರೆ. ಬೇಸರವೇನಿಲ್ಲ. ಜೀವ ಉಳಿಸಿದ ಯಂತ್ರ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನು. ಪೆಮ್ಮಯ್ಯನ ಮನಸ್ಸಿನಲ್ಲಿದ್ದದ್ದು ನನಗೆ ಕಾಣಲೇ ಇಲ್ಲ. ಸಿಸ್ಟರ್ ಕೇಳಿದ್ದಕ್ಕೆ ತಿಳಿಯಿತು. ಅವರೆಂದರೆ ನನಗೆ ಈಗಲೂ ಭಾರೀ ಹೆಮ್ಮೆ.

ಮೊನ್ನೆ ಕಪಾಟಿನ ಸಂದಿಯಿಂದ ಪೆಮ್ಮಯ್ಯ ಕಾಣಿಸಿದ. ತಲೆ ನೆರೆತಿದೆ. ಮುಖ ಬಾಡಿದ ಇನ್ನೊಬ್ಬನನ್ನು ಕೈ ಹಿಡಿದು ಕರೆತಂದಿದ್ದ. ಜಯಶೀಲಾ ಸಿಸ್ಟರ್ ಹೊಸ ಯಂತ್ರಕ್ಕೆ ಕೈ ಹಾಕುವಷ್ಟರಲ್ಲಿ ಪೆಮ್ಮಯ್ಯನೇ ತಡೆದ.

"ಬಿ.ಪಿ. ಆಮೇಲೆ ನೋಡಿ ಸಿಸ್ಟರ್. ಅವತ್ತು ಜಗಲಿಯಲ್ಲಿ ನನ್ನ ಹತ್ರ ಕೇಳಿದ್ರಲ್ಲ, ಮೊದಲು ಅದನ್ನ ಇವನ ಹತ್ರ ಕೇಳಿ."

ಸಿಸ್ಟರ್ ಬಾಗಿಲು ಮುಚ್ಚಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು.