ಚುಕ್ಕಿಯ ರಾಜಕುಮಾರಿ

ಚುಕ್ಕಿ ಕರ್ಟನ್ ಹೊಲಿಯುವವಳು. ಗಲ್ಲದ ಮೇಲೆ ಸಾಸಿವೆಯಷ್ಟು ಮಚ್ಚೆ ಇದ್ದುದರಿಂದ ಮನೆಯಲ್ಲಿ ಬಿದ್ದ ಹೆಸರು ಅದು. ಅಂಗಡಿಗೂ ಅದೇ ಹೆಸರು ಹಿಂಬಾಲಿಸಿಕೊಂಡು ಹೋಯಿತು. ವಯಸ್ಸು ಮೂವತ್ತೆಂಟು. ಹಗಲೆಲ್ಲ ಊರವರ ಕಿಟಕಿ ಅಳೆಯುವುದು, ಬಟ್ಟೆ ಕತ್ತರಿಸುವುದು, ನೆರಿಗೆ ಹಿಡಿಯುವುದು. ಸಂಜೆ ಮನೆಗೆ ಬಂದರೆ ಅಮ್ಮ, ಒಂದು ಹೊಲಿಗೆ ಮೆಷಿನ್ನು ಮತ್ತು ಕಾರ್ಟೂನ್ ಸಿನಿಮಾದ ರಾಜಕುಮಾರಿಯರು.

ಈ ಕೊನೆಯದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಮೂವತ್ತೆಂಟರ ಹೆಂಗಸು ಕಾಲು ಮಡಚಿ ಕೂತು ಮಕ್ಕಳ ಸಿನಿಮಾ ನೋಡುತ್ತಾಳೆ ಎಂದರೆ ಜನ ಏನಂದಾರು ಎಂಬ ಅಳುಕು. ಹಾಗೆಂದು ಅವಳು ಕಥೆಗಾಗಿ ನೋಡುತ್ತಿದ್ದವಳಲ್ಲ. ರಾಜಕುಮಾರ ಕುದುರೆ ಏರಿ ಬಂದನೆಂದರೆ ಅವಳಿಗೆ ಆಕಳಿಕೆ. ಅವಳಿಗೆ ಬೇಕಾದದ್ದು ರಾಜಕುಮಾರಿ ಕೈ ಎತ್ತಿದಾಗ ತೋಳು ಎಲ್ಲಿ ಸುಕ್ಕಾಗುತ್ತದೆ, ಓಡಿದಾಗ ಲಂಗ ಎಷ್ಟು ಹೊತ್ತು ಹಿಂದೆ ಉಳಿಯುತ್ತದೆ ಎನ್ನುವುದು. ಚಿತ್ರದ ಬಟ್ಟೆಗೆ ಹೊಲಿಗೆಯೇ ಇರುವುದಿಲ್ಲ, ತೂಕವೂ ಇಲ್ಲ. ಅದನ್ನು ನಿಜವಾದ ಬಟ್ಟೆಯಲ್ಲಿ ತರುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವುದೇ ಅವಳಿಗೆ ಸುಖ.

"ಆ ಹುಡುಗಿ ಪಾಪ ಹಾಡ್ತಾ ಇದ್ದಳು. ಬಾಯಿ ತೆಗೆದಲ್ಲೇ ನಿಲ್ಲಿಸಿಬಿಟ್ಟೆಯಲ್ಲೇ" ಎಂದು, ಚುಕ್ಕಿ ಸಿನಿಮಾ ತಡೆದು ನಿಲ್ಲಿಸಿದಾಗಲೆಲ್ಲ ಅಮ್ಮ ಹೇಳುತ್ತಿದ್ದಳು.

"ಬಾಯಿ ಅಲ್ಲಮ್ಮ, ನಾನು ಕಂಕುಳು ನೋಡ್ತಿದ್ದೀನಿ."

"ಸರಿ ಹೋಯ್ತು" ಎಂದು ಅಮ್ಮ ಮಗ್ಗುಲು ಬದಲಿಸುತ್ತಿದ್ದಳು.

ನೋಡಿ ನೋಡಿ ಚುಕ್ಕಿ ತಾನೂ ಒಬ್ಬಳನ್ನು ಬರೆದಳು. ಹನ್ನೊಂದು ನೋಟ್‌ಪುಸ್ತಕ ತುಂಬುವ ಹೊತ್ತಿಗೆ ಆ ಹುಡುಗಿಗೊಂದು ಮೈಕಟ್ಟು ಬಂದಿತ್ತು. ಅಗಲ ಭುಜ, ನೀರು ಸೇದಿ ಗಟ್ಟಿಯಾದಂಥ ಮುಂಗೈ, ಅಮ್ಮನ ಹಾಗೆ ಎದ್ದು ಕಾಣುವ ಮೂಗು. ಎತ್ತರದ ಮನೆಯ ಕಿಟಕಿಯಲ್ಲಿ ಹುಟ್ಟಿ ಬೆಳೆದವಳಾದ್ದರಿಂದ ಕಿಟಕಿಯ ರಾಜಕುಮಾರಿ ಎಂದು ಹೆಸರು. ಒಂದು ಹೋಟೆಲಿನ ಆರ್ಡರಿನಲ್ಲಿ ಉಳಿದ ನೀಲಿ ಬಟ್ಟೆಯನ್ನು ಅಂಗಡಿಯ ಯಜಮಾನರು "ತಗೊಂಡು ಹೋಗಮ್ಮ, ಇಲ್ಲಿ ಇಲಿ ತಿನ್ನುತ್ತೆ" ಎಂದು ಕೊಟ್ಟಿದ್ದರು. ಒಂದು ವರ್ಷ ಕೂತು ಚುಕ್ಕಿ ಅದರಲ್ಲಿ ಗೌನು ಹೊಲಿದಳು. ಸೊಂಟದಿಂದ ಕೆಳಗೆ ಪೂರ್ತಿ ಕರ್ಟನ್ ನೆರಿಗೆ, ಬೆನ್ನಿಗೆ ಇಪ್ಪತ್ತನಾಲ್ಕು ಹುಕ್ಕು. ರಾಜಕುಮಾರಿ ಎಂದ ಮೇಲೆ ಹುಕ್ಕು ಹಾಕಲು ದಾಸಿಯರು ಇದ್ದೇ ಇರುತ್ತಾರೆ ಎಂಬ ಲೆಕ್ಕಾಚಾರ. ಇದ್ದ ದಾಸಿ ಅಮ್ಮ ಒಬ್ಬಳೇ.

ಆ ವರ್ಷ ಪೇಟೆಯ ದೊಡ್ಡ ಮಾಲ್‌ನವರು ಸ್ಪರ್ಧೆ ಇಟ್ಟರು. ನಿಮ್ಮದೇ ರಾಜಕುಮಾರಿಯನ್ನು ಬರೆಯಿರಿ, ಹೊಲಿಯಿರಿ, ತೊಟ್ಟು ಬನ್ನಿ ಎಂದು. ಚುಕ್ಕಿಯ ಹೆಸರು ಕೊಟ್ಟವಳು ಅಮ್ಮ. "ಪೆಟ್ಟಿಗೆಯಲ್ಲಿ ಇಟ್ಟು ಯಾರಿಗೆ ಕಾಯ್ತೀಯ?" ಎಂದಳು. ವೇದಿಕೆಯ ಮೇಲೆ ಚುಕ್ಕಿ ಒಂದು ಸುತ್ತು ತಿರುಗಿದಾಗ ನೆರಿಗೆಯೆಲ್ಲ ಒಟ್ಟಿಗೆ ಬಿಚ್ಚಿಕೊಂಡು ಮತ್ತೆ ಒಟ್ಟಿಗೆ ಮಡಚಿಕೊಂಡವು. ಮುಂದಿನ ಸಾಲಿನ ಮಕ್ಕಳು ಉಸಿರು ಎಳೆದುಕೊಂಡದ್ದು ಅವಳ ಕಿವಿಗೆ ಬಿತ್ತು. ಮೊದಲ ಬಹುಮಾನ ಬಂತು. ಮೂರು ಹಾಳೆಯ ಕರಾರಿನ ಕಾಗದವೂ ಬಂತು. ಹೂಗುಚ್ಛ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೂರಕ್ಕೂ ಸಹಿ ಹಾಕಿದಳು.

ಅಲ್ಲಿಂದ ಶುರುವಾಯಿತು. ಶನಿವಾರ, ಭಾನುವಾರ ನಾಲ್ಕು ನಾಲ್ಕು ಗಂಟೆ ಅವಳು ಮಾಲ್‌ನ ಕೆಳಗಿನ ಮಹಡಿಯಲ್ಲಿ ನಿಲ್ಲಬೇಕು. ಎಸ್ಕಲೇಟರ್ ಪಕ್ಕ ರಟ್ಟಿನ ಅರಮನೆ ಕಟ್ಟಿ, ಮುಂದೆ ಗಾಜು ಕೂರಿಸಿದ್ದರು. ಬಟ್ಟೆ ಬದಲಿಸಲು ನೆಲ ಒರೆಸುವವರ ಸಾಮಾನಿನ ಕೋಣೆ. ಬಕೆಟ್ಟು, ಫಿನಾಯಿಲ್ ಡಬ್ಬಗಳ ನಡುವೆ ಅಮ್ಮ ಕನ್ನಡಕ ಏರಿಸಿ, "ಉಸಿರು ಬಿಗಿ ಹಿಡಿ" ಎನ್ನುತ್ತಾ ಒಂದೊಂದೇ ಹುಕ್ಕು ಹಾಕುತ್ತಿದ್ದಳು.

ಮೊದಲ ಎರಡು ವಾರ ಚುಕ್ಕಿ ನೆಲದ ಮೇಲೆ ಇರಲಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದವು. ಮೂರನೆಯ ವಾರ ಒಂದು ಪುಟ್ಟ ಹುಡುಗಿ ಅವಳ ಮೂಗು ತೋರಿಸಿ, "ಇವಳಿಗೆ ನಮ್ಮ ಅಜ್ಜಿ ಮೂಗು" ಎಂದಿತು. ಚುಕ್ಕಿ ಉತ್ತರ ಕೊಡಲು ಬಾಯಿ ತೆರೆದಳು. ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರಿನಿಂದ ಯಾರದೋ ಎಳೆಯ ದನಿ, "ಹಾಯ್ ಫ್ರೆಂಡ್ಸ್, ನನ್ನ ಅರಮನೆಗೆ ಸ್ವಾಗತ" ಎಂದಿತು.

ಸಂಜೆ ಮ್ಯಾನೇಜರ್ ಬಂದರು. ತುಂಬ ಮರ್ಯಾದಸ್ಥ ಮನುಷ್ಯ, ಒಂದು ದಿನವೂ ದನಿ ಏರಿಸಿದವರಲ್ಲ. "ಮೇಡಂ, ನೀವು ಮಾತಾಡೋದು ಬೇಡ. ದನಿ ನಾವು ರೆಕಾರ್ಡ್ ಮಾಡ್ಸಿದೀವಿ. ನೀವು ತುಟಿ ಆಡಿಸಿದ್ರೆ ಸಾಕು."

"ಅವಳು ಹಾಗೆ ಮಾತಾಡೋಳಲ್ಲ ಸರ್."

"ಯಾರು?"

ಮರುದಿನದಿಂದ ಚುಕ್ಕಿ ತುಟಿ ಆಡಿಸಿದಳು.

ನಾಲ್ಕು ನಿಮಿಷಕ್ಕೊಮ್ಮೆ ಆ ದನಿ. ಗಂಟೆಗೆ ಹದಿನೈದು ಸಲ ಸ್ವಾಗತ. ಗೌನಿನೊಳಗಿನ ಬಳೆಯಂಥ ತಂತಿಯಿಂದಾಗಿ ಕೂರುವ ಹಾಗಿಲ್ಲ. ಬಾತ್‌ರೂಮಿಗೆ ಹೋಗಬೇಕೆಂದರೆ ಅಮ್ಮ ಬಂದು ಬಿಚ್ಚಬೇಕು, ಮತ್ತೆ ಹಾಕಬೇಕು. ಆದ್ದರಿಂದ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರುವುದನ್ನು ಕಲಿತಳು. ಗಾಜಿನೊಳಗೆ ಗಾಳಿ ಆಡುತ್ತಿರಲಿಲ್ಲ. ಹೊರಗೆ ನಿಂತ ಮಗುವಿನ ಕೈಯಲ್ಲಿ ಕರಗುವ ಐಸ್‌ಕ್ರೀಮ್ ಕಂಡರೂ ಅವಳು ಅದೇ ನಗೆ ನಗಬೇಕು. ಮನೆಗೆ ಬಂದು ಮಲಗಿದರೆ ಕೆನ್ನೆ ನೋಯುತ್ತಿತ್ತು. ಸಿನಿಮಾ ಹಾಕಿದರೆ ರಾಜಕುಮಾರಿಯ ಬಟ್ಟೆ ಕಾಣುತ್ತಿರಲಿಲ್ಲ. ಪಾಪ, ಇವಳು ಎಷ್ಟು ಹೊತ್ತಿನಿಂದ ನಿಂತಿದ್ದಾಳೋ ಎನಿಸುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಧೈರ್ಯ ಮಾಡಿ ಆಫೀಸಿಗೆ ಹೋದಳು. "ಸಾಕು ಸರ್, ನನ್ನಿಂದ ಆಗ್ತಾ ಇಲ್ಲ. ಅಮ್ಮನಿಗೂ ವಯಸ್ಸಾಯ್ತು."

ಮ್ಯಾನೇಜರ್ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಆಮೇಲೆ ಆ ಮೂರು ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಸರಿಸಿದರು. "ಬಲವಂತ ಇಲ್ಲ ಮೇಡಂ. ನೀವು ಯಾವಾಗ ಬೇಕಾದರೂ ಹೋಗಬಹುದು. ಅವಳು ಹೋಗೋ ಹಾಗಿಲ್ಲ."

"ಅಂದ್ರೆ?"

"ಚಿತ್ರ, ಹೆಸರು, ಬಟ್ಟೆ ಎಲ್ಲ ಮಾಲ್‌ಗೆ ಸೇರಿದ್ದು. ಇಲ್ಲೇ ಬರೆದಿದೆ, ಓದಿ. ಇನ್ನು ಮುಂದೆ ನೀವೂ ಅವಳನ್ನ ಬರೀಬಾರದು. ಬೇರೆ ಎಷ್ಟು ಜನರನ್ನ ಬೇಕಾದರೂ ಬರೀರಿ."

ಚುಕ್ಕಿ ಓದಿದಳು. ಬರೆದಿತ್ತು. ಚಹಾ ತಣ್ಣಗಾಯಿತು. ಬಿಟ್ಟು ಹೋದರೆ ಅವಳು ಒಬ್ಬಳೇ ಆ ಗಾಜಿನ ಹಿಂದೆ, ಯಾರದೋ ದನಿಯ ಕೈಗೆ. ಇದ್ದರೆ ತಾನೂ ಅವಳ ಜೊತೆ ಒಳಗೆ. ಮನೆಗೆ ಬಂದವಳು ಅಮ್ಮನಿಗೆ, "ಇನ್ನೊಂದಿಷ್ಟು ದಿನ ನೋಡೋಣಮ್ಮ" ಎಂದಷ್ಟೇ ಹೇಳಿದಳು. ಶನಿವಾರ ಬೆಳಿಗ್ಗೆ ಅಮ್ಮ ಕನ್ನಡಕ ಒರೆಸಿಕೊಂಡು ಹೊರಟು ನಿಂತಳು.

ಮಳೆಗಾಲ ಮುಗಿಯುವ ಹೊತ್ತಿಗೆ ರಾಜಕುಮಾರಿಯ ಹೊಸ ಚಿತ್ರ ಬಂತು. ಮಾಲ್‌ನವರು ಯಾವುದೋ ಕಂಪನಿಯಿಂದ ಬರೆಸಿದ್ದು. ಅದೇ ನೀಲಿ, ಅದೇ ನೆರಿಗೆ. ಆದರೆ ಸೊಂಟ ಮುಷ್ಟಿಯಲ್ಲಿ ಹಿಡಿಯುವಷ್ಟು, ಕೈ ಕಡ್ಡಿ. ಮೂಗಿದ್ದ ಜಾಗದಲ್ಲಿ ಎರಡು ಚುಕ್ಕೆ. ಚುಕ್ಕಿ ಅದನ್ನು ಬಹಳ ಹೊತ್ತು ನೋಡಿದಳು. ಸತ್ತವರ ಹೆಸರಿಟ್ಟುಕೊಂಡು ಬೇರೆ ಯಾರೋ ಬಾಗಿಲಿಗೆ ಬಂದ ಹಾಗಾಯಿತು.

"ಇದಕ್ಕೆ ತಕ್ಕ ಹಾಗೆ ಒಬ್ಬ ಹುಡುಗಿಯನ್ನ ನೋಡಿದೀವಿ" ಎಂದರು ಮ್ಯಾನೇಜರ್. "ಗೌನು ನೀವೇ ಸರಿ ಮಾಡಿಕೊಟ್ರೆ ಚೆನ್ನಾಗಿತ್ತು. ಸೊಂಟ ಇಪ್ಪತ್ತನಾಲ್ಕು ಇಂಚಿಗೆ ಇಳಿಸಬೇಕು. ಇಲ್ಲದಿದ್ರೆ ಹೊರಗೆ ಯಾರಿಗಾದ್ರೂ ಕೊಡ್ತೀವಿ."

ವಿಷಯ ಕೇಳಿದ ಅಮ್ಮ, ಆ ವರ್ಷ ಮೊದಲ ಸಲ ಸಿಟ್ಟಾದಳು. "ಅವರು ಬೇಕಾದ್ರೆ ಗೋಣಿಚೀಲ ಸುತ್ತಿ ನಿಲ್ಲಿಸಲಿ. ನೀನು ಕತ್ತರಿ ಮುಟ್ಟಬೇಡ."

"ನಾನು ಮುಟ್ಟದಿದ್ರೆ ಇನ್ನೊಬ್ಬರು ಮುಟ್ತಾರೆ. ನೆರಿಗೆ ಬಿಚ್ಚೋಕೆ ಬರದವರು ನೇರ ಕತ್ತರಿಸಿಬಿಡ್ತಾರಮ್ಮ."

ಹುಡುಗಿ ಅಳತೆ ಕೊಡಲು ಮನೆಗೇ ಬಂದಳು. ಇಪ್ಪತ್ತು ವರ್ಷ ಇರಬಹುದು, ನರ್ಸಿಂಗ್ ಓದುತ್ತಿದ್ದಳು. ಚಪ್ಪಲಿಯನ್ನು ಬಾಗಿಲಾಚೆ ಜೋಡಿಸಿಟ್ಟು, ಕೈ ಅಗಲಿಸಿ, ಉಸಿರು ಬಿಗಿಹಿಡಿದು ನಿಂತಳು. ಟೇಪು ಇಪ್ಪತ್ತೈದೂವರೆ ತೋರಿಸಿತು.

"ಉಸಿರು ಬಿಡಮ್ಮ" ಎಂದಳು ಚುಕ್ಕಿ.

"ಬಿಟ್ರೆ ಜಾಸ್ತಿ ಆಗುತ್ತೆ ಅಕ್ಕ. ಪರವಾಗಿಲ್ಲ, ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ. ಶನಿವಾರದ ಹೊತ್ತಿಗೆ ಇಪ್ಪತ್ತನಾಲ್ಕು ಬರುತ್ತೆ."

ಚುಕ್ಕಿ ಟೇಪು ಕೆಳಗಿಟ್ಟಳು. ಅಮ್ಮ ಆಗಲೇ ತಟ್ಟೆ ತೊಳೆಯಲು ಎದ್ದಿದ್ದಳು. ಹುಡುಗಿ ಮೊದಲು ಬೇಡವೆಂದು, ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು. ಊಟವಾದ ಮೇಲೆ ಅಳೆದರೆ ಇಪ್ಪತ್ತೇಳು.

ಚುಕ್ಕಿ ಇಪ್ಪತ್ತೇಳಕ್ಕೇ ಹೊಲಿದಳು. ಕರ್ಟನ್ ಕೆಲಸದಲ್ಲಿ ಅಗಲ ಕಿಟಕಿಯನ್ನು ಕಿರಿದಾಗಿ ತೋರಿಸುವ ಉಪಾಯ ಇದೆ. ಎರಡೂ ಪಕ್ಕಕ್ಕೆ ಗಾಢ ಬಣ್ಣದ ಪಟ್ಟಿ ಕೊಟ್ಟರೆ ನೋಡುವವರ ಕಣ್ಣು ನಡುವಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗೆಯೇ ಗೌನಿನ ಪಕ್ಕಗಳಿಗೆ ಕಡುನೀಲಿ ಪಟ್ಟಿ ಇಟ್ಟಳು. ಬೆನ್ನಿನ ಹುಕ್ಕುಗಳನ್ನು ಅಲಂಕಾರಕ್ಕೆ ಬಿಟ್ಟು, ಕಂಕುಳಿನ ಕೆಳಗೆ ಆ ಪಟ್ಟಿಯ ಮರೆಯಲ್ಲಿ ಒಂದು ಜಿಪ್ ಕೂರಿಸಿದಳು. ಒಬ್ಬಳೇ ಹಾಕಿಕೊಳ್ಳಬಹುದು, ಒಬ್ಬಳೇ ಬಿಚ್ಚಬಹುದು. ಮ್ಯಾನೇಜರ್ ನೋಡಿ, "ಪರ್ಫೆಕ್ಟ್ ಇಪ್ಪತ್ತನಾಲ್ಕು" ಎಂದರು. ಚುಕ್ಕಿ ಹೌದೆಂದು ತಲೆಯಾಡಿಸಿದಳು.

ಹೀಗೆ ಅವಳ ಶನಿವಾರ, ಭಾನುವಾರ ಅವಳಿಗೆ ವಾಪಸ್ಸು ಸಿಕ್ಕವು. ಸಿಕ್ಕದ್ದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹನ್ನೆರಡನೆಯ ನೋಟ್‌ಪುಸ್ತಕ ತೆರೆದು ಕೂತರೆ ಪೆನ್ಸಿಲ್ಲು ತಾನಾಗಿ ಅದೇ ಭುಜ, ಅದೇ ಮೂಗು ಬರೆಯುತ್ತಿತ್ತು. ಬೇರೆ ಯಾರನ್ನೂ ಬರೆಯಲು ಅವಳ ಕೈಗೆ ಬರುತ್ತಿರಲಿಲ್ಲ. ಬರೆದ ಹಾಳೆಯನ್ನು ಕಳ್ಳಮಾಲಿನ ಹಾಗೆ ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಅಂಗಡಿಯಲ್ಲಿ ಯಜಮಾನರು, "ಏನಮ್ಮ, ಈಗ ಆರಾಮಾ?" ಎಂದು ಕೇಳಿದರೆ, "ಆರಾಮ" ಎನ್ನುತ್ತಿದ್ದಳು.

ಎರಡು ತಿಂಗಳು ಕಳೆದು ಒಂದು ಮಧ್ಯಾಹ್ನ ಹುಡುಗಿ ಫೋನ್ ಮಾಡಿದಳು. ಹಿಂದೆ ಬಕೆಟ್ಟು ಎಳೆಯುವ ಸದ್ದು ಕೇಳಿಸಿತು.

"ಅಕ್ಕ, ಒಂದು ಕೇಳ್ಲಾ? ನಂಗೆ ಪರೀಕ್ಷೆ ಬಂತು. ಬಿಡ್ತೀನಿ ಅಂದ್ರೆ ನಾನು ಸಹಿ ಹಾಕಿದ ಕಾಗದ ತೋರಿಸ್ತಾರೆ, ವರ್ಷ ಮುಗೀಬೇಕಂತೆ. ನೀವು ಹೇಗೆ ಹೊರಗೆ ಬಂದ್ರಿ?"

ಚುಕ್ಕಿಯ ಕೈಯಲ್ಲಿ ಯಾರದೋ ಮಲಗುವ ಕೋಣೆಯ ಕರ್ಟನ್ ಇತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಾನು ಬರಲಿಲ್ಲ ಕಣೆ. ನೀನು ಒಳಗೆ ಹೋದೆ, ಅದಕ್ಕೆ ನನ್ನ ಬಿಟ್ರು."

ಚುಕ್ಕಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದು ಮುಂದುವರಿಸಿದಳು.

"ಸೋಮವಾರ ನಿನ್ನ ಕಾಲೇಜಿಗೆ ರಜೆ ಅಲ್ವಾ? ಪುಸ್ತಕ ತಗೊಂಡು ಮನೆಗೆ ಬಾ. ಇಲ್ಲಿ ಓದು. ಊಟ ಅಮ್ಮ ನೋಡ್ಕೋತಾಳೆ."

ಹುಡುಗಿ ಬಂದಳು. ಆಮೇಲೆ ಪ್ರತಿ ಸೋಮವಾರ ಬರತೊಡಗಿದಳು. ಚುಕ್ಕಿ ಸೋಮವಾರದ ಕೆಲಸವನ್ನು ಮನೆಗೇ ತಂದುಕೊಂಡಳು. ಮೆಷಿನ್ನಿನ ಸದ್ದು ಒಂದು ಕಡೆ, ಮೂಳೆಗಳ ಹೆಸರನ್ನು ಬಾಯಿಪಾಠ ಮಾಡುವ ಸದ್ದು ಒಂದು ಕಡೆ. ತಪ್ಪಿದರೆ ಅಮ್ಮ ತಿದ್ದುವಷ್ಟರ ಮಟ್ಟಿಗೆ ಆ ಹೆಸರುಗಳು ಮನೆಯಲ್ಲಿ ಬೇರೂರಿದವು. ಕಾಗದದಿಂದ ಹೊರಬರುವ ದಾರಿ ಮಾತ್ರ ಯಾರಿಗೂ ಸಿಗಲಿಲ್ಲ. ಹುಡುಗಿ ಪರೀಕ್ಷೆಯ ಹಿಂದಿನ ಭಾನುವಾರವೂ ಗಾಜಿನೊಳಗೆ ನಿಂತಳು. ಎರಡು ವಿಷಯದಲ್ಲಿ ಪಾಸಾದಳು, ಒಂದು ಹೋಯಿತು.

ಫಲಿತಾಂಶ ಬಂದ ದಿನ ಹುಡುಗಿ ಅತ್ತು ಮುಗಿಸಿ, ಮುಖ ತೊಳೆದು ಬಂದು, ಚುಕ್ಕಿಯ ಮೆಷಿನ್ನಿನ ಪಕ್ಕ ನೆಲದ ಮೇಲೆ ಕೂತಳು.

"ಅಕ್ಕ, ನೀವು ಮತ್ತೆ ಯಾರನ್ನೂ ಬರೀಲ್ವಾ?"

"ಬರೀಬೇಕು ಅನ್ಸುತ್ತೆ. ಆದ್ರೆ ಬರೆದರೆ ಯಾರಿಗೂ ತೋರಿಸಲ್ಲ."

"ನಂಗೂನಾ?"

ಚುಕ್ಕಿ ಹೊಲಿಯುವುದನ್ನು ನಿಲ್ಲಿಸಿದಳು. ಅಮ್ಮ ಅಡುಗೆಮನೆಯಿಂದ ಇಣುಕಿದಳು.

"ನಿನಗೆ ತೋರಿಸಬಹುದು" ಎಂದಳು ಚುಕ್ಕಿ. "ಸಹಿ ಮಾತ್ರ ಕೇಳಬೇಡ."