ಹೆಬ್ಬೆರಳಿನ ನೆಗ್ಗು

ಶಂಭುಲಿಂಗನ ಮಾರುತಿ ಕಾರಿನಲ್ಲಿ ಹಿಂದಿನ ಸೀಟಿಗೂ ಗಾಜಿಗೂ ನಡುವಿನ ಹಲಗೆಯ ಮೇಲೆ ಎರಡು ಸ್ಪೀಕರ್‌ಗಳಿದ್ದವು. ಆರಿಂಚಿನ ದುಂಡನೆಯವು. ಬಲಗಡೆಯದಕ್ಕೆ ಜಾಲರಿ ಇತ್ತು. ಎಡಗಡೆಯದರ ಜಾಲರಿ ಎಂದೋ ಕಳಚಿ ಬಿದ್ದು ಕಳೆದುಹೋಗಿತ್ತು. ಅದರ ಕಪ್ಪು ಕಾಗದದ ನಡುವೆ ಸಣ್ಣ ಟೊಪ್ಪಿಗೆಯಂತೆ ಉಬ್ಬಿರುವ ಭಾಗದಲ್ಲಿ ಒಂದು ನೆಗ್ಗು ಬಿದ್ದಿತ್ತು. ನಾಲ್ಕು ವರ್ಷದ ಮಗುವಿನ ಹೆಬ್ಬೆರಳ ತುದಿ ಸರಿಯಾಗಿ ಕೂಡುವಷ್ಟು. ಆ ಬೆರಳು ಅವನ ಮಗಳು ಶಿವಲೀಲಾಳದು. ಅವಳು ತೀರಿಹೋಗಿ ಆರು ತಿಂಗಳಾಗಿತ್ತು.

ಶಂಭುಲಿಂಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಹೊರ ಊರಿನ ಎರಡು ಮಸಾಲೆ ಕಂಪನಿಗಳ ಪರವಾಗಿ ಮೆಣಸಿನಕಾಯಿ ಖರೀದಿ ಮಾಡುತ್ತಿದ್ದ. ಮಾದರಿಯ ಕಾಯಿಗಳು ಸಣ್ಣ ಚೀಲಗಳಲ್ಲಿ ಸದಾ ಕಾರಿನಲ್ಲಿರುತ್ತಿದ್ದವು. ಕಾಯಿ ಹಸಿ ಅನ್ನಿಸಿದರೆ ಹಿಂದಿನ ಹಲಗೆಯ ಮೇಲೆ ಸುರಿದು, ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಾಜು ಏರಿಸಿಬಿಡುತ್ತಿದ್ದ. ಅರ್ಧ ದಿನದಲ್ಲಿ ಒಣಗುತ್ತಿತ್ತು. ಆಮೇಲೆ ಒಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗಿನ ಬೀಜ ಸಪ್ಪಳ ಮಾಡಿದರೆ ಒಣಗಿದೆ ಎಂದು ಲೆಕ್ಕ. ಈ ವಿಷಯದಲ್ಲಿ ಅವನ ಕಿವಿಯನ್ನು ಮಾರುಕಟ್ಟೆಯವರೆಲ್ಲ ನಂಬುತ್ತಿದ್ದರು.

ಹಿಂದಿನ ವರ್ಷ, 2005ರ ಫೆಬ್ರುವರಿಯ ಒಂದು ರವಿವಾರ, ಮನೆಯ ಮುಂದೆ ಅವನು ಚೀಲ ಕಟ್ಟುತ್ತಿದ್ದಾಗ ಶಿವಲೀಲಾ ಹಿಂದಿನ ಸೀಟಿನ ಮೇಲೆ ನಿಂತು ಸ್ಪೀಕರಿನ ನಡುವೆ ಹೆಬ್ಬೆರಳು ಒತ್ತಿದಳು. ಟಪ್ ಎಂದಿತು. ಅವನು ತಿರುಗಿ ನೋಡಿದವನೇ ಅವಳ ಕೈಗೆ ಹೊಡೆದ. ಕೈ ಸ್ಪೀಕರಿನ ಕಬ್ಬಿಣದ ಅಂಚಿಗೆ ಬಡಿಯಿತು. ಬೆರಳುಗಳು ಕೆಂಪಾದವು. ಮಗಳ ಮೇಲೆ ಅವನು ಕೈ ಮಾಡಿದ್ದು ಅದೊಂದೇ ಸಲ. ಓಣಿಯ ಅಂಗಡಿಗೆ ಎತ್ತಿಕೊಂಡು ಹೋಗಿ ಪೇಪರಮಿಂಟ್ ಕೊಡಿಸಿ, "ಅವ್ವಗ ಹೇಳಬ್ಯಾಡ" ಎಂದ. ಅವಳು ಹೇಳಲಿಲ್ಲ.

ಮುಂದಿನ ವಾರದಿಂದ ಎಡಗಡೆಯ ಸ್ಪೀಕರ್ ಗರ್ ಗರ್ ಎನ್ನತೊಡಗಿತು. ಕಾರಣದ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. "ನೋಡು, ನೀ ಒತ್ತಿದ್ದಕ್ಕ ಹೆಂಗ ಒದರಾಕತ್ತೈತಿ" ಎಂದು ಒಂದೆರಡು ಸಲ ಮಗಳಿಗೆ ಹೇಳಿಯೂ ಇದ್ದ. ಆಮೇಲೆ ಅವಳು ಹಿಂದಿನ ಸೀಟಿನಲ್ಲಿ ಕೂತಾಗ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಜ್ವರ ಬಂತು. ನಾಲ್ಕನೆಯ ದಿನ ಹೋದಳು.

ಅವಳ ಬಟ್ಟೆಗಳನ್ನು ಹಿರಿಯರು ಮನೆಯಲ್ಲಿ ಉಳಿಯಗೊಡಲಿಲ್ಲ. ಗೋಡೆಯ ಮೇಲೆ ಒಂದು ಫೋಟೋ ಉಳಿಯಿತು, ಕಾರಿನಲ್ಲಿ ನೆಗ್ಗು ಉಳಿಯಿತು. ಶಂಭುಲಿಂಗ ಅದರ ಮೇಲೆ ಒಂದು ಟವೆಲ್ ಹಾಸಿದ್ದ. ಮಾರುಕಟ್ಟೆಯಲ್ಲಿ ಕಾರಿನೊಳಗೆ ಒಬ್ಬನೇ ಇದ್ದಾಗ ಟವೆಲ್ ಸರಿಸಿ ಕಿರುಬೆರಳ ತುದಿಯನ್ನು ಅದರಲ್ಲಿ ಇಡುತ್ತಿದ್ದ. ಅವನ ಹೆಬ್ಬೆರಳು ಹಿಡಿಯುತ್ತಿರಲಿಲ್ಲ.

ಹೆಂಡತಿ ಶ್ರೀದೇವಿ ಮೋಟೆಬೆನ್ನೂರಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ದೀರ್ಘ ರಜೆ ಮುಗಿಸಿ ಜನವರಿಯಲ್ಲಿ ಕೆಲಸಕ್ಕೆ ಮರಳಿದ್ದಳು. ಬೆಳಿಗ್ಗೆ ಅವನೇ ಬಿಟ್ಟು ಬರುತ್ತಿದ್ದ. ಆ ದಾರಿಯಲ್ಲಿ ಇಬ್ಬರಿಗೂ ಮಾತು ಸಿಗುತ್ತಿರಲಿಲ್ಲ. ಕ್ಯಾಸೆಟ್ ಹಚ್ಚುತ್ತಿದ್ದರು. ಅದು ಒದರುತ್ತಿತ್ತು.

"ರೀ, ಇದನ್ನ ಒಂದೋ ಬದಲಿ ಮಾಡ್ರಿ, ಇಲ್ಲಾ ಕಿತ್ತ ಒಗೀರಿ" ಎಂದಳು ಒಂದು ದಿನ. "ಸುಮ್ಮ ಕುಂತ್ರ ತಲ್ಯಾಗ ಏನೇನೋ ಬರ್ತೈತಿ. ಹಾಡು ಹಚ್ಚಿದ್ರ ಇದು ತಲಿ ತಿಂತೈತಿ."

"ಮಾಡಸ್ತೇನಿ" ಎಂದ. ಹಿಂದಿನದೆಲ್ಲ ಹೇಳದೆ ಬೇಡವೆನ್ನುವುದು ಅವನಿಂದ ಆಗಲಿಲ್ಲ. ಹೊಸದು ಹಾಕಿಸಿದರೂ ಹಳೆಯದನ್ನು ಇದ್ದಂತೆಯೇ ಬಿಚ್ಚಿಸಿಕೊಂಡು ತರಬೇಕು. ಅವನು ನಿಶ್ಚಯಿಸಿದ್ದು ಇಷ್ಟೇ.

ಮೊದಲು ಹಾವೇರಿಗೆ ಹೋದ. ಅಲ್ಲಿಯ ಅಂಗಡಿಯಾತ, ವೀರೇಂದ್ರ ಎಂಬ ತರುಣ, ಕೆಂಪು ದೀಪ ಮಿನುಗುವ ಸ್ಪೀಕರ್ ತೋರಿಸಿ, "ಹಳೇವು ನಮಗ ಬಿಡ್ರಿ ಅಣ್ಣಾರ, ರೇಟಿನ್ಯಾಗ ಕಮ್ಮಿ ಮಾಡ್ತೇನಿ. ಅವನ್ನ ಇಟಗೊಂಡು ಏನ್ ಪೂಜಿ ಮಾಡ್ತೀರಿ?" ಎಂದ. ಶಂಭುಲಿಂಗ ಹೊರಗೆ ಬಂದ.

ಆ ಶನಿವಾರ ಶ್ರೀದೇವಿಯನ್ನು ಶಾಲೆಗೆ ಬಿಟ್ಟು ರಾಣೆಬೆನ್ನೂರಿಗೆ ಹೋದ. ಮಕ್ತುಮಸಾಬ ಅಲ್ಲಿ ಮೂವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡಿದವನು. ಈಗ ಕಾರಿನ ಟೇಪು, ಸ್ಪೀಕರ್ ಕೂಡಿಸುತ್ತಿದ್ದ. ಡಿಕ್ಕಿ ತೆರೆಯುತ್ತಲೇ ಎರಡು ಸಲ ಸೀನಿದ.

"ಬ್ಯಾಡಗಿ ಗಾಡಿ ಅಂತ ನಂಬರ್ ನೋಡೂದ ಬ್ಯಾಡ್ರಿ ನಮಗ, ಮೂಗ ಹೇಳ್ತೈತಿ" ಎಂದು ಮೂಗು ಒರೆಸಿಕೊಂಡ. "ಕುಂದ್ರಿ ಸಾವ್ಕಾರ್ರ. ಎಂಥಾವು ಬೇಕು?"

"ಹಾವೇರ್ಯಾಗ ಮುನ್ನೂರು ವ್ಯಾಟಿಂದು ತೋರಿಸಿದ್ರು."

"ಡಬ್ಬಿ ಮ್ಯಾಲ ಮೂರು ಸಾವಿರ ಬೇಕಾದ್ರೂ ಬರೀತಾರ್ರಿ, ಕಾಗದಕ್ಕ ಏನ್ ಭಾರ? ನಿಮ್ಮ ಟೇಪು ಕೊಡೂದು ಒಂದೊಂದಕ್ಕ ಹದಿನೈದು ವ್ಯಾಟು. ಎರಡು ಎತ್ತಿಗೆ ಹತ್ತು ಟನ್ನಿನ ಲಾರಿ ಹೂಡಿದ್ರ ಜಗ್ತಾವೇನು?"

ಗೋಡೆಗೆ ಹೊಡೆದ ಹಲಗೆಯ ಮೇಲೆ ಐದಾರು ಜೋಡಿ ಸ್ಪೀಕರ್‌ಗಳಿದ್ದವು. ಒಂದೇ ಕ್ಯಾಸೆಟ್ಟನ್ನು ಸ್ವಿಚ್ ಬದಲಿಸುತ್ತ ಒಂದೊಂದರಲ್ಲೂ ಕೇಳಿಸಿದ. ಹಿಂದಿನ ಮ್ಯಾಗ್ನೆಟ್ ಕೈಯಲ್ಲಿ ತೂಗಿ ನೋಡಲು ಕೊಟ್ಟ. ಒಂದು ಜೋಡಿ ಎದೆ ನಡುಗುವಂತೆ ಗುದ್ದುತ್ತಿತ್ತು. ಇನ್ನೊಂದರಲ್ಲಿ ಗುದ್ದು ಕಡಿಮೆ, ಹಾಡುವವರ ಉಸಿರು ಕೂಡ ಕೇಳುತ್ತಿತ್ತು.

"ಇದು. ಮನಿಯಾಕಿಗೆ ಹಾಡಿನ ಮಾತು ತಿಳೀಬೇಕ್ರಿ" ಎಂದ ಶಂಭುಲಿಂಗ.

"ಚಲೋದನ್ನ ಆರಿಸಿದ್ರಿ. ಆದ್ರ ಇವು ಉದ್ದಾನವು, ಆರಿಂಚಿಗೆ ಒಂಬತ್ತಿಂಚು. ನಿಮ್ಮ ಹಲಗ್ಯಾಗ ತೂತು ಆರಿಂದು. ಕೊರದು ದೊಡ್ಡದು ಮಾಡಬೇಕಾಗ್ತೈತಿ."

"ಮಾಡ್ರಿ. ಆದ್ರ ಹಳೇವು ಎರಡೂ ನನಗ ಬೇಕು."

ಮಕ್ತುಮಸಾಬ ನಕ್ಕ. "ನಾ ಏನ್ ಮ್ಯಾಗ್ನೆಟ್ ತಿಂತೇನೇನ್ರಿ? ತಗೊಂಡ ಹೋಗ್ರಿ. ಗಡಿಗ್ಯಾಗ ಕೂಡಸ್ತೀರೇನು?"

ಕಾರಿನಿಂದ ಬಿಚ್ಚಿದ ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂಡಿಸಿ ಮನೆಯ ಟೇಪಿಗೆ ಹಚ್ಚುವುದು ಆ ಕಡೆ ಆಗ ಎಲ್ಲರೂ ಮಾಡುತ್ತಿದ್ದ ಕೆಲಸ. ಗಡಿಗೆಯೊಳಗೆ ದನಿ ತುಂಬಿ ಬರುತ್ತದೆ. ನೋಡುವುದಕ್ಕೂ ಇರಲಿ ಎಂದು ಕೆಲವರು ಗಡಿಗೆಗೆ ಬಣ್ಣ ಬಳಿಯುತ್ತಿದ್ದರು. ಬೇರೆ ಉತ್ತರ ಹೇಳಬೇಕೆಂದರೆ ಶಂಭುಲಿಂಗ ಇಡೀ ಕಥೆ ಹೇಳಬೇಕಾಗಿತ್ತು.

"ಹೂಂ" ಎಂದ.

ಎರಡು ತಾಸು ಬೇಕು ಎಂದದ್ದರಿಂದ ಹೊರಟ. ಚಹಾ ಕುಡಿದ. ಪರಿಚಯದ ಒಬ್ಬ ದಲಾಲಿಯ ಅಂಗಡಿಯಲ್ಲಿ ಕೂತ. ಹನ್ನೊಂದಕ್ಕೆ ತಿರುಗಿ ಬಂದಾಗ ಹೊಸ ಸ್ಪೀಕರ್‌ಗಳು ಕೂತಿದ್ದವು. ಹಲಗೆಯ ಹೊಟ್ಟು ನೆಲದ ಮೇಲೆ ಬಿದ್ದಿತ್ತು. ಎರಡೂ ಕಡೆಯ ತಂತಿ ಸರಿಯಾಗಿ ಸೇರಿದೆಯೇ ಎಂದು ಪೆನ್ಸಿಲ್ ಸೆಲ್ ತಾಗಿಸಿ ನೋಡಿದ್ದೂ ಆಗಿತ್ತು.

"ಬರ್ರಿ, ಬರ್ರಿ. ಮೊದಲ ಇದನ್ನ ನೋಡ್ರಿ" ಎಂದು ಮಕ್ತುಮಸಾಬ ಅವನನ್ನು ಒಳಗೆ ಕರೆದ.

ಮೇಜಿನ ಮೇಲೆ ಹಾಸಿದ ಪತ್ರಿಕೆಯ ಹಾಳೆಯಲ್ಲಿ ಹಳೆಯ ಎರಡೂ ಸ್ಪೀಕರ್‌ಗಳಿದ್ದವು. ಶಂಭುಲಿಂಗನಿಗೆ ಎಡಗಡೆಯದು ಯಾವುದೆಂದು ತಿಳಿಯಲಿಲ್ಲ. ಎರಡೂ ಕಪ್ಪಗೆ ಹೊಳೆಯುತ್ತಿದ್ದವು. ಎರಡರ ನಡುವೆಯೂ ದುಂಡನೆಯ ಉಬ್ಬು ಇತ್ತು.

"ನೆಗ್ಗು ತೆಗದೇನಿ. ಅಂಟಿನ ಟೇಪ್ ಹಚ್ಚಿ ಮೆಲ್ಲಕ ಜಗ್ಗಿದೆ, ಟಪ್ ಅಂತ ಎದ್ದ ಬಂತು. ಮ್ಯಾಲ ಒಂದು ಕೈ ಕರೇ ಶಾಯಿ ಹೊಡದೇನಿ. ಗಡಿಗ್ಯಾಗ ಕುಂತ ಮ್ಯಾಲ ಬಂದವರ ಕಣ್ಣಿಗೆ ಬೀಳ್ತೈತಲ್ರಿ, ಚಂದ ಇರಲಿ ಅಂತ. ಇದಕ್ಕ ನಾ ಏನೂ ತಗೊಳೂದಿಲ್ಲ ಮತ್ತ."

ಶಂಭುಲಿಂಗ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಇಟ್ಟು ಇನ್ನೊಂದನ್ನು ಹಿಡಿದ. ಓರೆ ಮಾಡಿ ನೋಡಿದ. ಶಾಯಿ ಇನ್ನೂ ಹಸಿ ಇತ್ತು. ಬೆರಳಿಗೆ ಹತ್ತಿತು.

"ಎಡಗಡೀದು ಯಾವ್ದು?"

"ಇದ."

"ನೆಗ್ಗು ಬಿದ್ದು ಇದರ ಸೌಂಡ್ ಕೆಟ್ಟಿತ್ತು" ಎಂದ. ಏನೋ ಹೇಳಬೇಕೆಂದು ಹೇಳಿದ್ದು.

"ಯಾರ ಹೇಳಿದ್ರು ನಿಮಗ?" ಮಕ್ತುಮಸಾಬ ಮೇಜಿನ ತುದಿಯಲ್ಲಿದ್ದ ಸಿಗರೇಟಿನ ಪ್ಯಾಕಿನ ತುಂಡನ್ನು ಮುಂದೆ ಸರಿಸಿದ. ಅದರಲ್ಲಿ ಒಂದು ಚಮಚದಷ್ಟು ಮೆಣಸಿನಕಾಯಿ ಬೀಜವಿತ್ತು. "ಇವು ಒದರಾಕತ್ತಿದ್ದು. ಜಾಲರಿ ಇಲ್ಲಲ್ರಿ, ಒಳಗ ಬಿದ್ದು ಕುಣೀತಿದ್ವು. ಗಡಿಗಿಗೆ ಹಾಕ್ತೀರಿ ಅಂದ್ರಲ್ಲ, ಅದಕ್ಕ ಬಿಚ್ಚಿದ ಮ್ಯಾಲ ಒಮ್ಮೆ ಹಚ್ಚಿ ನೋಡಿದೆ. ಗರ್ ಗರ್ ಅಂತು. ಬೀಜ ಝಾಡಿಸಿ ಮತ್ತ ಹಚ್ಚಿದೆ. ಸ್ವಚ್ಛ! ಆವಾಗ ನೆಗ್ಗು ಹಂಗ ಇತ್ತು. ಪಾಪ, ಅದೇನೂ ಮಾಡಿರಲಿಲ್ಲ."

ಶಂಭುಲಿಂಗ ಬೀಜಗಳನ್ನೇ ನೋಡುತ್ತಿದ್ದ. ಡಬ್ಬಿ ಎಂಬ ದಪ್ಪ ತಳಿಯ ಕಾಯಿಯ ಬೀಜ. ಕಾರಿನ ತುಂಬ ಬಿದ್ದಿರುವಂಥವು; ಟವೆಲ್ ಸರಿಸಿದಾಗ ಕಂಡರೂ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ದಿನಕ್ಕೆ ನೂರು ಸಲ ಕಿವಿಗೆ ಹಿಡಿದು ಕೇಳಿದ ಸಪ್ಪಳ.

"ಖರೇ ಹೇಳಬೇಕಂದ್ರ ನಿಮಗ ಹೊಸಾವು ಬೇಕಾಗಿರಲಿಲ್ಲ" ಎಂದ ಮಕ್ತುಮಸಾಬ, ಸ್ವಲ್ಪ ಸಂಕೋಚದಿಂದ. "ಆದ್ರ ಹಲಗಿ ಮೊದಲ ಕೊರದಿದ್ದೆ. ಇದು ಆಮ್ಯಾಲ ಗೊತ್ತಾತು."

"ಹೊಸಾವು ತಗೀರಿ. ಹಳೇವ್ನ ಕೂಡಸ್ರಿ."

"ಅಂದ್ರ?"

"ಎಲ್ಲಿದ್ವು ಅಲ್ಲೇ ಕೂಡಸ್ರಿ."

"ಹೆಂಗ ಕೂಡ್ತಾವ್ರಿ ಸಾವ್ಕಾರ್ರ? ಆರಿಂಚಿಂದು ಆ ತೂತಿನ್ಯಾಗ ಬಿದ್ದ ಹೋಗ್ತೈತಿ. ಹಲಗೀನ ಹೊಸಾದು ಮಾಡಸಬೇಕು." ಅವನ ಮುಖ ನೋಡಿ ಮಕ್ತುಮಸಾಬ ದನಿ ತಗ್ಗಿಸಿದ. "ಏನಾತ್ರಿ?"

"ಆ ನೆಗ್ಗು ನಮ್ಮ ಹುಡುಗಿ ಒತ್ತಿದ್ದು. ಹ್ವಾದ ಆಗಸ್ಟಿನ್ಯಾಗ ತೀರಿಕೊಂಡ್ಲು."

ಮಕ್ತುಮಸಾಬ ಸ್ಟೂಲಿನ ಮೇಲೆ ಕೂತ. "ಗಡಿಗಿ ಅಂದಿದ್ರಿ" ಎಂದ.

"ನೀವು ಕೇಳಿದ್ರಿ, ನಾನ ಹೂಂ ಅಂದೆ. ನಿಮ್ಮ ತಪ್ಪೇನಿಲ್ಲ."

"ಮತ್ತ ಹಂಗ..." ಎನ್ನುತ್ತ ಮಕ್ತುಮಸಾಬನ ಕೈ ಸ್ಪೀಕರಿನತ್ತ ಹೋಯಿತು. ತನ್ನ ದಪ್ಪ ಹೆಬ್ಬೆರಳನ್ನು ತಾನೇ ನೋಡಿಕೊಂಡು ಕೈ ಹಿಂದೆ ತೆಗೆದ. ಎರಡೂ ಸ್ಪೀಕರ್‌ಗಳನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಕಾರಿನ ಮುಂದಿನ ಎಡ ಸೀಟಿನ ಮೇಲೆ ತಾನೇ ಇಟ್ಟುಬಂದ.

ಮೋಟೆಬೆನ್ನೂರು ಮುಟ್ಟಿದಾಗ ಹನ್ನೆರಡಾಗಿತ್ತು. ಶಾಲೆ ಬಿಟ್ಟು ಅರ್ಧ ತಾಸಾಗಿ ಮಕ್ಕಳೆಲ್ಲ ಹೋಗಿದ್ದರು. ಶ್ರೀದೇವಿ ಗೇಟಿನ ಹತ್ತಿರ ನೆರಳಿನಲ್ಲಿ ನಿಂತಿದ್ದಳು. ಬಾಗಿಲು ತೆರೆದು, ಸೀಟಿನ ಮೇಲಿನ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು.

"ಹಚ್ರಿ, ಕೇಳೂಣು."

ಹಚ್ಚಿದ. ಹಾಡು ತಿಳಿಯಾಗಿ ಬಂತು.

"ಈಗ ಚಲೋ ಆತು ನೋಡ್ರಿ. ಇಷ್ಟು ದಿನ ಸುಮ್ಮ ತಲಿ ಹಾಳ ಮಾಡ್ಕೊಂಡ್ವಿ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಈ ಹಳೇವ್ನ ಯಾಕ ಹೊತ್ಕೊಂಡು ಬಂದೀರಿ?" ಎಂದು ಕೇಳಿದಳು.

ಬ್ಯಾಡಗಿಯ ರಸ್ತೆಗೆ ಹೊರಳಿದ ಮೇಲೆ ಅವನು ಕಾರನ್ನು ಬದಿಗೆ ನಿಲ್ಲಿಸಿದ. ಮೊದಲಿನಿಂದ ಹೇಳಿದ. ರವಿವಾರ, ಹೆಬ್ಬೆರಳು, ಹೊಡೆತ, ಪೇಪರಮಿಂಟ್. ಹೇಳಬೇಡ ಎಂದದ್ದು. ಒದರಾಕತ್ತೈತಿ ನೋಡು ಎಂದು ಅವಳಿಗೆ ಹೇಳುತ್ತಿದ್ದದ್ದು. ಬೀಜಗಳು. ನೆಗ್ಗು ಈಗ ಇಲ್ಲ ಎಂಬುದು. ಹೇಳುವಾಗ ಅವಳ ಕಡೆ ನೋಡಲಿಲ್ಲ.

ಶ್ರೀದೇವಿ ದಾರ ಬಿಚ್ಚಿ ನೋಡಿದಳು. ನೋಡುವುದಕ್ಕೆ ಏನೂ ಇರಲಿಲ್ಲ.

"ಯಾವ ಕೈಗೆ ಹೊಡದ್ರಿ?"

"ಬಲಗೈಗೆ."

ಅವಳು ನಡುವಿನ ಉಬ್ಬಿನ ಮೇಲೆ ಬೆರಳಾಡಿಸಿದಳು.

"ಅವತ್ತ ಸಂಜಿಗೆ ಎಡಗೈಲೆ ಉಣ್ಣಾಕತ್ತಿದ್ಲು" ಎಂದಳು. "ನೀವು ಇನ್ನೂ ಮನಿಗೆ ಬಂದಿರಲಿಲ್ಲ. ಎಡಗೈಲೆ ಯಾರರ ಉಣ್ತಾರೇನ ಅಂತ ನಾ ಬೈದೆ. ಕೇಳಲಿಲ್ಲ. ಆ ಬಲಗೈ ಹಿಡದು ಜಬರಿಲೆ ಅನ್ನದಾಗ ಇಡಿಸಿದೆ. ಅತ್ಲು. ಯಾಕ ಅಂದ್ರ ಹೇಳಲಿಲ್ಲ. ಹಟ ಅಂತ ತಿಳದು ಇನ್ನೊಂದು ಸಲ ಬೈದೆ."

ಹಿಂದಿನಿಂದ ಹಾಡು ಒಂದಿಷ್ಟೂ ಒಡೆಯದೆ ಬರುತ್ತಿತ್ತು.

"ಬಂದ್ ಮಾಡ್ರಿ ಅದನ್ನ" ಎಂದಳು.

ಬಂದ್ ಮಾಡಿದ. ಶ್ರೀದೇವಿ ಸ್ಪೀಕರ್‌ಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿದಳು. ಅವಳ ಬೆರಳುಗಳಿಗೂ ಶಾಯಿ ಹತ್ತಿತ್ತು. ಹಿಂದಿನ ಸೀಟು ಖಾಲಿ ಇತ್ತು. ಅಲ್ಲಿ ಇಡಲಿಲ್ಲ. ಬ್ಯಾಡಗಿ ಬರುವವರೆಗೂ ತೊಡೆಯ ಮೇಲೆಯೇ ಹಿಡಿದುಕೊಂಡು ಕೂತಳು.